ಒಂದೇ ಓವನ್, ಮೂರು ತೆರಿಗೆ

ನಮ್ಮ ಬೇಕರಿಯಲ್ಲಿ ಇರುವುದು ಒಂದೇ ಓವನ್. ಬೆಳಗಿನ ಜಾವ ಅದರಿಂದ ಮೊದಲು ಬ್ರೆಡ್ಡು ಬರುತ್ತದೆ, ಆಮೇಲೆ ರಸ್ಕು, ಹತ್ತು ಗಂಟೆ ಹೊತ್ತಿಗೆ ಬೆಣ್ಣೆ ಬಿಸ್ಕತ್ತು, ಕೇಕು. 2025ರ ಸೆಪ್ಟೆಂಬರ್ 21ರವರೆಗೆ ಬ್ರೆಡ್ಡಿಗೆ ಜಿಎಸ್‌ಟಿ ಸೊನ್ನೆ, ರಸ್ಕಿಗೆ 5 ಪರ್ಸೆಂಟ್, ಬಿಸ್ಕತ್ತು ಕೇಕಿಗೆ 18. ಹಿಂದುಗಡೆ ಬಾಣಲೆಯಲ್ಲಿ ಕರಿಯುವ ಖಾರಾ ಮಿಕ್ಸ್ಚರನ್ನು ತೂಗಿ ಪೊಟ್ಟಣ ಕಟ್ಟಿಕೊಟ್ಟರೆ 5. ಅದನ್ನೇ ಲೇಬಲ್ ಹಚ್ಚಿ ಸೀಲ್ ಮಾಡಿಟ್ಟರೆ 12. ದಿಲ್‌ಪಸಂದ್ ಯಾವ ಲೆಕ್ಕಕ್ಕೆ ಅಂತ ನನಗೂ ನಮ್ಮ ಆಡಿಟರಿಗೂ ವರ್ಷಗಟ್ಟಲೆ ಚರ್ಚೆ ನಡೆದಿತ್ತು. ಹೊರಗೆ ಮೈದಾ, ಒಳಗೆ ಕೊಬ್ಬರಿ, ಟೂಟಿಫ್ರೂಟಿ. ಬ್ರೆಡ್ಡು ಅನ್ನೋಣವಾ, ಪೇಸ್ಟ್ರಿ ಅನ್ನೋಣವಾ? "18 ಹಾಕಿಬಿಡಮ್ಮ, ಯಾರೂ ಕೇಳಲ್ಲ" ಅಂದರು ಆಡಿಟರ್. ಜಾಸ್ತಿ ಕಟ್ಟಿದವರನ್ನು ಯಾರು ತಾನೇ ಕೇಳುತ್ತಾರೆ!

ಶಿವಮೊಗ್ಗದಲ್ಲಿ ನಮ್ಮದು ಮಾವನ ಕಾಲದ ಬೇಕರಿ. ಮಾವ ಮತ್ತು ಚಿಕ್ಕಮಾವ ಇಬ್ಬರೂ ಪಾಲುದಾರರು. ಸೊಸೆ ಬಿ.ಕಾಂ. ಓದಿದ್ದಾಳೆ ಅಂತ ಲೆಕ್ಕ ನನ್ನ ಕೈಗೆ ಬಂತು. ಬಜೆಟ್ ಬಂತೆಂದರೆ ಗಿರಾಕಿಗಳು ಗಲ್ಲಾದ ಹತ್ತಿರ ನಿಂತು "ಅಕ್ಕಾ, ಏನ್ ಇಳೀತು, ಏನ್ ಏರ್ತು?" ಅಂತ ಕೇಳುವುದು ವಾಡಿಕೆ. ನೀವು ಇಲ್ಲಿ ತಗೊಳ್ಳೋ ಯಾವುದರ ದರವೂ ಬಜೆಟ್‌ನಲ್ಲಿ ಏರಲ್ಲ, ಇಳಿಯಲ್ಲ ಅಂದರೆ ಯಾರೂ ನಂಬುವುದಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಬಿಸ್ಕತ್ತು, ಸೋಪು, ಸಿಮೆಂಟಿನ ದರ ತೀರ್ಮಾನಿಸುವುದು ಜಿಎಸ್‌ಟಿ ಮಂಡಳಿ. ಅದರಲ್ಲಿ ಕೇಂದ್ರದ ಹಣಕಾಸು ಸಚಿವರ ಜೊತೆ ಎಲ್ಲ ರಾಜ್ಯಗಳ ಸಚಿವರೂ ಕೂರುತ್ತಾರೆ. ಅವರ ಸಭೆಗೆ ಫೆಬ್ರವರಿಯೇ ಆಗಬೇಕೆಂದಿಲ್ಲ. ನಮ್ಮ ಅಂಗಡಿಗೆ ನಿಜವಾದ ಬಜೆಟ್ ಬಂದಿದ್ದು 2025ರ ಸೆಪ್ಟೆಂಬರ್ 3ರ ರಾತ್ರಿ.

ಅಂದು ಮಂಡಳಿಯ 56ನೇ ಸಭೆ. 12 ಮತ್ತು 28ರ ದರ ತೆಗೆದು 5, 18 ಇಟ್ಟುಕೊಂಡರು. ದುಬಾರಿ ಕಾರು ಥರದ್ದಕ್ಕೆ 40. ಬಿಸ್ಕತ್ತು, ಕೇಕು 18ರಿಂದ 5ಕ್ಕೆ ಇಳಿದವು. ಬೆಣ್ಣೆ, ತುಪ್ಪ, ಪ್ಯಾಕೆಟ್ ಖಾರಾ 12ರಿಂದ 5ಕ್ಕೆ. ಹೊಸ ದರ ಸೆಪ್ಟೆಂಬರ್ 22ರಿಂದ, ಅಂದರೆ ನವರಾತ್ರಿಯ ಮೊದಲ ದಿನದಿಂದ. ಮನೆಯಲ್ಲಿ ಎಲ್ಲರಿಗೂ ಖುಷಿ. ಆದರೆ ಸಭೆಯ ಮಾರನೇ ದಿನ ಬೆಳಗ್ಗೆಯಿಂದಲೇ ಲೈನ್ ಸೇಲ್ ನಿಂತುಹೋಯಿತು.

ಲೈನ್ ಸೇಲ್ ಅಂದರೆ, ನಮ್ಮ ಗೂಡ್ಸ್ ಆಟೋ ಸುತ್ತಲಿನ ಊರುಗಳ ಅಂಗಡಿಗಳಿಗೆ ಬಿಸ್ಕತ್ತು, ರಸ್ಕು ಹಾಕಿಬರುವುದು. ಅಂಗಡಿಯವರೆಲ್ಲ ಒಂದೇ ಮಾತು ಹೇಳಿದರು: "22 ಆಗಲಿ ತಡೀರಿ." ಅವರದ್ದೂ ತಪ್ಪಿಲ್ಲ. ಇವತ್ತು 18ರಲ್ಲಿ ತಗೊಂಡು ಇಟ್ಟುಕೊಂಡರೆ ಆಮೇಲೆ 5ರ ರೇಟಿಗೆ ಮಾರಬೇಕು. ಅವರಲ್ಲಿ ಹೆಚ್ಚಿನವರಿಗೆ ಜಿಎಸ್‌ಟಿ ನೋಂದಣಿಯೇ ಇಲ್ಲ, ಕಟ್ಟಿದ ತೆರಿಗೆ ವಾಪಸ್ ಹಿಡಿದುಕೊಳ್ಳುವ ದಾರಿಯೂ ಇಲ್ಲ. ದರ ಇಳಿಸುತ್ತೇವೆ ಅಂತ ಮುಂಚಿತವಾಗಿ ಹೇಳಿದರೆ ವ್ಯಾಪಾರ ನಿಲ್ಲುತ್ತದೆ. ಹೇಳದೇ ಇಳಿಸಿದರೆ ಸ್ಟಾಕ್ ಇಟ್ಟುಕೊಂಡವನು ಸಾಯುತ್ತಾನೆ. ಇದಕ್ಕೆ ಒಳ್ಳೆ ಉಪಾಯ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಆ ಮೂರು ವಾರ ಹುಡುಗರ ಸಂಬಳ, ಗ್ಯಾಸು, ಕರೆಂಟು ಯಾವುದೂ ನಿಲ್ಲಲಿಲ್ಲ, ಅದು ಯಾವ ಪೇಪರಿನಲ್ಲೂ ಬರಲಿಲ್ಲ.

21ರ ರಾತ್ರಿ ಶಟರ್ ಎಳೆದ ಮೇಲೆ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಒಂದೊಂದೇ ಐಟಂ ತೆಗೆದು ದರ ಬದಲಿಸಿದೆ. ಹಳೇ ಪ್ಯಾಕೆಟ್ಟಿಗೆ ಹೊಸ ಎಂಆರ್‌ಪಿ ಸ್ಟಿಕ್ಕರ್ ಹಚ್ಚುವುದು ಕಡ್ಡಾಯವಲ್ಲ ಅಂತ ಸರ್ಕಾರ ಹೇಳಿತ್ತು, ಅದೊಂದು ಪುಣ್ಯ. 24ಕ್ಕೆ ಒಂದು ಬರ್ತ್‌ಡೇ ಕೇಕಿನ ಆರ್ಡರ್ ಇತ್ತು. ಕೇಕಿಗೆ 1,000, ತೆರಿಗೆ 180, ಒಟ್ಟು 1,180 ರೂಪಾಯಿಯನ್ನು ಆ ಹುಡುಗ ಮೊದಲೇ ಕೊಟ್ಟುಹೋಗಿದ್ದ. ಬಿಲ್ ಮಾತ್ರ ಆಗಿರಲಿಲ್ಲ. ದುಡ್ಡು ಮುಂಚೆ ಬಂದಿದ್ದರೂ ಮಾಲೂ ಬಿಲ್ಲೂ 22ರ ಮೇಲೆ ಹೋದರೆ ಹೊಸ ದರವೇ ಲೆಕ್ಕ. ಅಲ್ಲಿಗೆ 1,050. ಕೇಕ್ ಒಯ್ಯಲು ಬಂದಾಗ 130 ರೂಪಾಯಿ ವಾಪಸ್ ಕೊಟ್ಟೆ. ಅವನು ಒಂದು ಸಲ ನನ್ನ ಮುಖ ನೋಡಿದ, ಒಂದು ಸಲ ನೋಟು ನೋಡಿದ, "ಹಂಗಾದ್ರೆ ಪಫ್ಸ್ ಕೊಡಿ ಅಕ್ಕ" ಅಂದ. ಮಾವ ಗಲ್ಲಾದಲ್ಲಿ ಕೂತು ನಕ್ಕಿದ್ದೇ ನಕ್ಕಿದ್ದು.

ಇಲ್ಲಿಯವರೆಗಿನದು ಎಲ್ಲ ಅಂಗಡಿಯವರ ಕಥೆ. ನನಗೆ ಇದಕ್ಕಿಂತ ದೊಡ್ಡದು ಅನ್ನಿಸಿದ್ದು ಬೇರೆ. ನಮ್ಮ ರಸ್ತೆಯಲ್ಲೇ ಇನ್ನೊಂದು ಬೇಕರಿ ಇದೆ. ಒಳ್ಳೆ ಜನ, ಬ್ರೆಡ್ಡೂ ಚೆನ್ನಾಗಿರುತ್ತದೆ. ಅವರದು ಕಾಂಪೋಸಿಷನ್. ವರ್ಷಕ್ಕೆ ಒಂದೂವರೆ ಕೋಟಿ ದಾಟದ ವ್ಯಾಪಾರಕ್ಕೆ ಈ ಸ್ಕೀಮು. ವ್ಯಾಪಾರದ ಮೇಲೆ 1 ಪರ್ಸೆಂಟ್ ಕಟ್ಟಿದರೆ ಮುಗಿಯಿತು. ಗಿರಾಕಿಯ ಬಿಲ್ಲಿನಲ್ಲಿ ತೆರಿಗೆ ಹಾಕುವಂತಿಲ್ಲ, ತಾವು ಕೊಂಡ ಸಾಮಾನಿನ ತೆರಿಗೆಗೆ ಕ್ರೆಡಿಟ್ಟೂ ಇಲ್ಲ, ಅಂದರೆ ಅದನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಹಾಗಿಲ್ಲ. ನಾವು ಲೈನ್ ಸೇಲ್ ಶುರುಮಾಡಿದ ಮೇಲೆ ಆ ಮಿತಿ ದಾಟಿದೆವು. ಅಲ್ಲಿಂದ ನಮ್ಮದು ರೆಗ್ಯುಲರ್: ಪೂರ್ತಿ ದರ ಹಾಕಬೇಕು, ಕ್ರೆಡಿಟ್ ಸಿಗುತ್ತದೆ.

500 ರೂಪಾಯಿಯ ಕೇಕ್ ಎರಡೂ ಕಡೆ ಮಾರಾಟವಾದರೆ ಏನಾಗುತ್ತಿತ್ತು ನೋಡಿ. ನಮ್ಮ 500ರಲ್ಲಿ 76 ರೂಪಾಯಿ ತೆರಿಗೆ. ಅವರ 500ರಲ್ಲಿ 5 ರೂಪಾಯಿ. ನಮಗೆ ಒಂದಿಷ್ಟು ಕ್ರೆಡಿಟ್ ಸಿಗುತ್ತದೆ ಅನ್ನುವುದು ನಿಜ, ಆದರೆ ಬೇಕರಿಯಲ್ಲಿ ಅದೇನು ಮಹಾ? ಮೈದಾ ದೊಡ್ಡ ಮೂಟೆಯಲ್ಲಿ ಬರುತ್ತದೆ, 25 ಕಿಲೋ ಮೀರಿದ ಮೂಟೆಗೆ ತೆರಿಗೆಯೇ ಇಲ್ಲ. ಸಕ್ಕರೆ, ಎಣ್ಣೆಗೆ 5. ಹಾಗಾಗಿ ಅವರು ಕೇಕನ್ನು 460ಕ್ಕೆ ಕೊಟ್ಟರೂ ನಮಗಿಂತ ಜಾಸ್ತಿ ಉಳಿಯುತ್ತಿತ್ತು. ಬೆಳೆದಿದ್ದಕ್ಕೆ ದಂಡ ಅಂತ ಚಿಕ್ಕಮಾವ ಗೊಣಗುತ್ತಿದ್ದರು. ಒಂದೂವರೆ ಕೋಟಿ ಹತ್ತಿರ ಬರುತ್ತಿದ್ದಂತೆ ಎಷ್ಟೋ ಜನ ಎರಡನೇ ಅಂಗಡಿಯನ್ನು ಹೆಂಡತಿ ಹೆಸರಿನಲ್ಲಿ ತೆರೆಯುವುದು ಇದಕ್ಕೇ.

ಈಗ ನಮ್ಮ 500ರಲ್ಲಿ ತೆರಿಗೆ 24 ರೂಪಾಯಿ. ಅದರಲ್ಲಿ ಕ್ರೆಡಿಟ್ ಕಳೆದರೆ ಕೈಯಿಂದ ಕಟ್ಟುವುದು ಅಷ್ಟಕ್ಕಷ್ಟೆ. ಇಬ್ಬರ ನಡುವಿನ ಅಂತರ ಹೆಚ್ಚುಕಡಿಮೆ ಹೋಯಿತು. ತಮಾಷೆ ಏನೆಂದರೆ ಕಷ್ಟಕ್ಕೆ ಸಿಕ್ಕಿದ್ದು ಅವರು. ಅವರು ಕಟ್ಟುತ್ತಿದ್ದ 1 ಪರ್ಸೆಂಟ್ ಹಾಗೇ ಇದೆ, ಇಳಿಸಲು ಏನೂ ಇಲ್ಲ. ಬೆಣ್ಣೆ, ಡಬ್ಬದ ರೇಟು ಸ್ವಲ್ಪ ಇಳಿಯಿತು ಅಷ್ಟೇ. ಆದರೆ ಪೇಪರ್ ಓದಿಕೊಂಡು ಬಂದ ಗಿರಾಕಿ "18 ಇದ್ದಿದ್ದು 5 ಆಗಿದೆ, ನೀವ್ಯಾಕೆ ಇಳಿಸಿಲ್ಲ?" ಅಂತ ಜಗಳಕ್ಕೇ ನಿಂತ. ಕಾಂಪೋಸಿಷನ್ ಅಂದರೇನು ಅಂತ ಕೌಂಟರಿನಲ್ಲಿ ನಿಂತು ಪಾಠ ಮಾಡಲು ಆಗುತ್ತದಾ? ಕೊನೆಗೆ ಅವರೂ ಇಪ್ಪತ್ತು ರೂಪಾಯಿ ಇಳಿಸಿದರಂತೆ, ತಮ್ಮ ಲಾಭದಿಂದ.

ನಮಗೂ ಎಲ್ಲ ಸಲೀಸಾಗಿಲ್ಲ. ಮಾರುವ ಮಾಲಿಗೆ 5 ಆಯಿತು, ಆದರೆ 19 ಕಿಲೋದ ಕಮರ್ಷಿಯಲ್ ಸಿಲಿಂಡರಿಗೆ 18, ಪ್ಲಾಸ್ಟಿಕ್ ಕವರಿಗೆ 18, ಹೊಸ ಮಿಕ್ಸಿಂಗ್ ಮೆಷಿನ್ನಿಗೆ 18. ಬಾಡಿಗೆಯದು ಇನ್ನೂ ಒಂದು ಕೈ ಮೇಲು. ನಮ್ಮ ಕಟ್ಟಡದ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲ. 2024ರ ಅಕ್ಟೋಬರ್ 10ರಿಂದ ಇಂಥ ಕಡೆ ಬಾಡಿಗೆಯ 18 ಪರ್ಸೆಂಟನ್ನು ಬಾಡಿಗೆದಾರನೇ ಕಟ್ಟಬೇಕು. ತಿಂಗಳಿಗೆ 30,000 ಬಾಡಿಗೆ ಅಂದುಕೊಳ್ಳಿ, 5,400 ತೆರಿಗೆ. ಕ್ರೆಡಿಟ್‌ನಲ್ಲಿ ತೀರಿಸುವ ಹಾಗಿಲ್ಲ, ದುಡ್ಡೇ ಕಟ್ಟಬೇಕು. ಕಟ್ಟಿದ ಮೇಲೆ ಅದು ಕ್ರೆಡಿಟ್ ಆಗಿ ಬರುತ್ತದೆ. ಕೇಕಿಗೆ 18 ಇದ್ದಾಗ ಆ ಕ್ರೆಡಿಟ್ ಅದೇ ತಿಂಗಳು ಕರಗುತ್ತಿತ್ತು. ಈಗ ಕರಗುವುದಿಲ್ಲ, ಸುಮ್ನೆ ಪೋರ್ಟಲ್‌ನಲ್ಲಿ ಅಂಕಿಯಾಗಿ ಕೂತಿರುತ್ತದೆ. ಕೊಳ್ಳುವ ಸಾಮಾನಿಗೆ ಜಾಸ್ತಿ, ಮಾರುವ ಮಾಲಿಗೆ ಕಡಿಮೆ ದರ ಇದ್ದರೆ ರೀಫಂಡ್ ಕೇಳಬಹುದು. ಆದರೆ ಅದು ಸಾಮಾನಿನ ತೆರಿಗೆಗೆ ಮಾತ್ರ. ಬಾಡಿಗೆ, ಆಡಿಟರ್ ಫೀಸು, ಮೆಷಿನ್ನು ಇವಕ್ಕೆ ಇಲ್ಲ. ಸೇವೆಗಳ ತೆರಿಗೆಗೂ ರೀಫಂಡ್ ಬೇಕು ಅಂತ ಕೋರ್ಟಿಗೆ ಹೋದವರಿಗೆ 2021ರಲ್ಲಿ ಸುಪ್ರೀಂ ಕೋರ್ಟು ಕೂಡ ಇಲ್ಲ ಅಂದಿದೆ. ಬ್ರೆಡ್ಡಿಗೆ ಸೊನ್ನೆ ಅಂತ ಖುಷಿಪಡುವ ಹಾಗೂ ಇಲ್ಲ. ಸೊನ್ನೆ ದರದ ಮಾಲು ಎಷ್ಟು ಮಾರುತ್ತೀರೋ ಅಷ್ಟು ಪಾಲಿನ ಕ್ರೆಡಿಟ್ ಬಿಟ್ಟುಕೊಡಬೇಕು.

ಇದನ್ನೆಲ್ಲ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ದರ ಎಷ್ಟು ಅನ್ನುವುದಕ್ಕಿಂತ ಸರ್ಕಾರ ಗೆರೆ ಎಲ್ಲಿ ಎಳೆಯುತ್ತದೆ ಅನ್ನುವುದೇ ವ್ಯಾಪಾರವನ್ನು ಬಗ್ಗಿಸುವುದು. 2022ರ ಜುಲೈ 18ರಿಂದ 25 ಕಿಲೋವರೆಗಿನ ಪ್ಯಾಕ್ ಮಾಡಿದ ಅಕ್ಕಿ, ಹಿಟ್ಟಿಗೆ 5 ಅಂದರು. ಸ್ವಲ್ಪ ದಿನಕ್ಕೇ ಮಾರುಕಟ್ಟೆಯಲ್ಲಿ 26 ಕಿಲೋ ಅಕ್ಕಿ ಚೀಲ ಬಂತು. ಆ ಒಂದು ಕಿಲೋ ಯಾರ ಊಟಕ್ಕೂ ಅಲ್ಲ, ಗೆರೆ ದಾಟಲು. 2020ರಲ್ಲಿ ನಮ್ಮ ಕರ್ನಾಟಕದ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರ (ಯಾವ ಮಾಲಿಗೆ ಎಷ್ಟು ತೆರಿಗೆ ಅಂತ ಕೇಳಿದವರಿಗೆ ಮುಂಚೆಯೇ ಹೇಳುವವರು) ಐಡಿ ಫ್ರೆಶ್ ಕಂಪನಿಯ ಪರೋಟಾ ರೊಟ್ಟಿಯ ಜಾತಿಗೆ ಸೇರುವುದಿಲ್ಲ, ಅದಕ್ಕೆ 18 ಅಂತ ಹೇಳಿತ್ತು, ದೇಶವೆಲ್ಲ ನಕ್ಕಿತ್ತು. 2024ರಲ್ಲಿ ಕೊಯಮತ್ತೂರಿನ ಹೋಟೆಲ್ ಮಾಲೀಕರೊಬ್ಬರು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರ ಎದುರೇ ಹೇಳಿದ್ದು ನಿಮಗೆ ನೆನಪಿರಬಹುದು: ಬನ್ನಿಗೆ ತೆರಿಗೆ ಇಲ್ಲ, ಒಳಗೆ ಕ್ರೀಮ್ ಹಾಕಿದರೆ 18, ಹಾಗಾಗಿ ಗಿರಾಕಿ ಬನ್ನು ಬೇರೆ ಕ್ರೀಮು ಬೇರೆ ಕೊಡಿ ಅನ್ನುತ್ತಾನೆ. ನಮ್ಮಲ್ಲಿ ಆ ವಿಡಿಯೋ ನೋಡದ ಬೇಕರಿಯವರೇ ಇಲ್ಲ. ಸೆಪ್ಟೆಂಬರಿನ ಬದಲಾವಣೆಯಲ್ಲಿ ನನಗೆ ಹಿಡಿಸಿದ್ದು ಇದೇ. ಪರೋಟಾ, ಚಪಾತಿ ಎಲ್ಲ ಸೊನ್ನೆಗೆ ಬಂದವು, ರಸ್ಕು ಕೇಕು ಖಾರಾ ಎಲ್ಲ ಒಂದೇ 5ಕ್ಕೆ. ದಿಲ್‌ಪಸಂದ್ ಪೇಸ್ಟ್ರಿ ಅಂದರೂ 5 ಅಷ್ಟೇ, ಚರ್ಚೆ ಹೆಚ್ಚುಕಡಿಮೆ ಮುಗಿಯಿತು.

ಒಂದು ತೆರಿಗೆಯ ಗೆರೆ ಇನ್ನೊಂದಕ್ಕೆ ಉಲ್ಟಾ ಹೊಡೆದರೆ ಏನಾಗುತ್ತದೆ ಅಂತ 2025ರ ಜುಲೈನಲ್ಲಿ ನೋಡಿದೆವು. ಆದಾಯ ತೆರಿಗೆಯಲ್ಲಿ ಸಣ್ಣ ವ್ಯಾಪಾರಿಗೆ ಪುಸ್ತಕ ಇಡದೆ ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಅವಕಾಶ ಇದೆ. ನಗದಿನ ವ್ಯಾಪಾರಕ್ಕೆ 8 ಪರ್ಸೆಂಟ್ ಲಾಭ ಅಂತ ಹಿಡಿದರೆ, ಬ್ಯಾಂಕು, ಯುಪಿಐ ಮೂಲಕ ಬಂದಿದ್ದಕ್ಕೆ 6. ನಗದು 5 ಪರ್ಸೆಂಟ್ ಮೀರದಿದ್ದರೆ ಈ ಸೌಲಭ್ಯದ ಮಿತಿಯನ್ನು 2 ಕೋಟಿಯಿಂದ 3 ಕೋಟಿಗೆ ಏರಿಸಿದ್ದು 2023ರ ಬಜೆಟ್. ಅಂದರೆ ಕ್ಯೂಆರ್ ಕೋಡ್ ಇಡಿ, ನಿಮಗೇ ಲಾಭ ಅಂತ. ಜನ ಇಟ್ಟರು. ಆಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಅದೇ ಯುಪಿಐ ಲೆಕ್ಕ ನೋಡಿ, ವರ್ಷದ ವ್ಯಾಪಾರ 40 ಲಕ್ಷ ದಾಟಿಯೂ ನೋಂದಣಿ ಮಾಡಿಸದವರಿಗೆ 2021-22ರಿಂದ ಆಚೆಯದಕ್ಕೆ ನೋಟಿಸ್ ಕೊಟ್ಟಿತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಿಗೇ ಜಾಸ್ತಿ. ಕೆಲವೇ ದಿನದಲ್ಲಿ ಅಂಗಡಿಗಳ ಮುಂದೆ "ನೋ ಯುಪಿಐ, ಓನ್ಲಿ ಕ್ಯಾಶ್" ಅಂತ ಬೋರ್ಡು. ಕಾನೂನು ಪ್ರಕಾರ ನೋಟಿಸ್ ತಪ್ಪು ಅಂತ ನಾನು ಹೇಳುವುದಿಲ್ಲ. ನಾವು ನೋಂದಣಿ ಮಾಡಿಸಿ 18 ಕಟ್ಟುತ್ತಿದ್ದಾಗ ಪಕ್ಕದವನು ಏನೂ ಕಟ್ಟದೆ ಮಾರಿದರೆ ಹೊಟ್ಟೆ ಉರಿಯುವುದಿಲ್ಲವಾ? ಆದರೆ ನಾಲ್ಕು ವರ್ಷ ಸುಮ್ಮನಿದ್ದು ಒಟ್ಟಿಗೆ ಕೇಳಿದರೆ ಟೀ ಅಂಗಡಿಯವನು ಎಲ್ಲಿಂದ ತರಬೇಕು? ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಇನ್ನು ಮುಂದೆ ನೋಂದಣಿ ಮಾಡಿಸಿ ಅಂದ ಮೇಲೆ ಗಲಾಟೆ ತಣ್ಣಗಾಯಿತು. ಬೋರ್ಡು ತೆಗೆದರು. ಆದರೆ ನಮ್ಮ ರಸ್ತೆಯ ಹೂವಿನವರು ಈಗಲೂ ದೊಡ್ಡ ಮೊತ್ತ ಅಂದರೆ "ಕ್ಯಾಶ್ ಇದ್ರೆ ಕೊಡಮ್ಮ" ಅನ್ನುತ್ತಾರೆ. ಹೂವಿಗೆ ಜಿಎಸ್‌ಟಿಯೇ ಇಲ್ಲ!

ಬಜೆಟ್ಟಿನಿಂದ ನಮಗೆ ಏನೂ ಆಗಿಲ್ಲ ಅಂದರೆ ತಪ್ಪಾಗುತ್ತದೆ. 2023ರ ಬಜೆಟ್ಟಿನಲ್ಲೇ ಬಂದ ಇನ್ನೊಂದು ನಿಯಮ, ಬಾಯಿಮಾತಿನಲ್ಲಿ 45 ದಿನದ ರೂಲು. ಸಣ್ಣ ತಯಾರಕರಿಂದ ಮಾಲು ತಗೊಂಡವರು 45 ದಿನದೊಳಗೆ ದುಡ್ಡು ಕೊಡಬೇಕು, ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15. ತಡಮಾಡಿದರೆ, ನಿಜವಾಗಿ ದುಡ್ಡು ಕೊಡುವವರೆಗೆ ಅದನ್ನು ಖರ್ಚು ಅಂತ ತೋರಿಸುವ ಹಾಗಿಲ್ಲ. ಒಂದು ಕ್ಯಾಂಟೀನಿಗೆ ನಾವು ಬನ್ನು, ಪಫ್ಸ್ ಹಾಕುತ್ತೇವೆ. ಗುತ್ತಿಗೆದಾರರ ಉದ್ರಿ ಎಂದರೆ ಆರು ತಿಂಗಳ ಮಾತು. 2024ರ ಮಾರ್ಚ್ ಕೊನೆ ವಾರ ಅವರೇ ಫೋನ್ ಮಾಡಿ ಅಕೌಂಟ್ ನಂಬರ್ ಕೇಳಿದಾಗ ಚಿಕ್ಕಮಾವ ಇದೇನೋ ಮೋಸದ ಕಾಲ್ ಅಂದುಕೊಂಡಿದ್ದರು. ಪೂರ್ತಿ ಚುಕ್ತಾ. ಏಪ್ರಿಲ್‌ನಲ್ಲಿ ಬಂದು "ಇನ್ಮೇಲೆ ಬಿಲ್ ಮೇಲೆ ಆ ಉದ್ಯಮ್ ನಂಬರ್ ಹಾಕಬೇಡಿ" ಅಂದರು. ನಾವು ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಣಿಯಾದ ನಂಬರ್ ಅದು. ನೋಡಿ, ಮತ್ತೆ ಗೆರೆ! ನಾವು ನಂಬರ್ ತೆಗೆಯಲಿಲ್ಲ. ಅವರು ಅರ್ಧ ಆರ್ಡರನ್ನು ಬೇರೆ ಕಡೆ ಕೊಟ್ಟರು.

ಇನ್ನು ಆದಾಯ ತೆರಿಗೆ. 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ದರ 22ಕ್ಕೆ ಇಳಿಯಿತು, ಅದೂ ಬಜೆಟ್ ದಿನ ಅಲ್ಲ. ನಮ್ಮಂಥ ಪಾಲುದಾರಿಕೆ ಫರ್ಮಿಗೆ ಇವತ್ತಿಗೂ 30, ಮೊದಲ ರೂಪಾಯಿಯಿಂದಲೇ. ಕಾರ್ಖಾನೆಗಳ ಸಾಲು ಇಟ್ಟುಕೊಂಡ ದೊಡ್ಡ ಬಿಸ್ಕತ್ತು ಕಂಪನಿಗಿಂತ ನಮ್ಮ ಒಂದು ಓವನ್ನಿನ ಲಾಭಕ್ಕೆ ದರ ಜಾಸ್ತಿ. ಪ್ರೈವೇಟ್ ಲಿಮಿಟೆಡ್ ಮಾಡಿಬಿಡಿ ಅನ್ನುತ್ತಾರೆ ಆಡಿಟರ್. ಅಣ್ಣತಮ್ಮಂದಿರು ಅಂಗಡಿ ಬಾಗಿಲಲ್ಲಿ ನಿಂತು ಟೀ ಕುಡಿಯುತ್ತಾ ತೀರ್ಮಾನ ತಗೊಳ್ಳುವುದನ್ನು ಬೋರ್ಡ್ ಮೀಟಿಂಗ್ ಅಂತ ಬರೆದಿಡಬೇಕಾ ಅಂತ ಮಾವ ಕೇಳುತ್ತಾರೆ.

2025ರ ಬಜೆಟ್ಟಿನಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಅಂದಾಗ ಅದು ಸಂಬಳದವರಿಗೆ ಅಂತ ಎಲ್ಲರೂ ಅಂದುಕೊಂಡರು. ಹಿತ್ತಿಲ ಬಾಗಿಲಿನಿಂದ ಅದು ನಮಗೂ ಬಂತು. ಫರ್ಮ್ ಪಾಲುದಾರರಿಗೆ ಸಂಬಳ ಕೊಡಬಹುದು, ಆ ಮಿತಿಯನ್ನು 2024ರ ಜುಲೈ ಬಜೆಟ್ ಏರಿಸಿತ್ತು. ಸಂಬಳ ಕೊಟ್ಟಷ್ಟೂ ಫರ್ಮಿನ ಲಾಭ ಕಡಿಮೆ, ಅಷ್ಟಕ್ಕೆ 30 ಇಲ್ಲ. ಮಾವನ ಕೈಯಲ್ಲಿ ಅದು 12 ಲಕ್ಷದ ಒಳಗೇ ಇರುತ್ತದೆ, ಅಲ್ಲೂ ತೆರಿಗೆ ಇಲ್ಲ. ಚೆನ್ನಾಗಿದೆ ಅಲ್ವಾ? ಆದರೆ ಅದರ ಜೊತೆಗೇ ಒಂದು ಬಾಲ ಬಂತು. 2025ರ ಏಪ್ರಿಲ್ 1ರಿಂದ ಪಾಲುದಾರನಿಗೆ ಕೊಡುವ ಸಂಬಳ, ಬಡ್ಡಿ ವರ್ಷಕ್ಕೆ 20,000 ಮೀರಿದರೆ ಫರ್ಮ್ 10 ಪರ್ಸೆಂಟ್ ಟಿಡಿಎಸ್ ಹಿಡಿಯಬೇಕು, ಅಂದರೆ ಕೊಡುವಾಗಲೇ ತೆರಿಗೆ ಮುರಿದುಕೊಳ್ಳಬೇಕು. ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕಟ್ಟಬೇಕು, ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬೇಕು. ಟಿಡಿಎಸ್ ಕಟ್ಟಲು ಬೇಕಾದ ಟ್ಯಾನ್ ನಂಬರ್ ಇಲ್ಲದವರು ಅದನ್ನೂ ಮಾಡಿಸಬೇಕು. 40,000 ಸಂಬಳಕ್ಕೆ 4,000 ಹಿಡಿದು 36,000 ಕೊಟ್ಟಾಗ ಮಾವ ಎರಡು ಸಲ ಎಣಿಸಿದರು.

"ನನ್ನ ಅಂಗಡಿ, ನನ್ನ ದುಡ್ಡು. ನಾನೇ ನನಗೆ ಟಿಡಿಎಸ್ ಹಿಡೀಬೇಕಾ?"

"ವಾಪಸ್ ಬರುತ್ತೆ ಮಾವ, ರಿಟರ್ನ್ ಹಾಕಿದ ಮೇಲೆ."

"ವಾಪಸ್ ಕೊಡೋದಾದ್ರೆ ತಗೊಳ್ಳೋದು ಯಾಕಮ್ಮ?"

ಇದಕ್ಕೆ ನನ್ನ ಬಿ.ಕಾಂ.ನಲ್ಲಿ ಉತ್ತರ ಇರಲಿಲ್ಲ.

2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆ ಹೋಗಿ 2025ರ ಹೊಸ ಕಾಯ್ದೆ ಜಾರಿ. ಸೆಕ್ಷನ್ ನಂಬರುಗಳೆಲ್ಲ ಬದಲು, ಹಿಂದಿನ ವರ್ಷ, ಅಸೆಸ್‌ಮೆಂಟ್ ವರ್ಷ ಅಂತ ಎರಡಿದ್ದದ್ದು ಹೋಗಿ ತೆರಿಗೆ ವರ್ಷ ಒಂದೇ. ಮೂವತ್ತು ವರ್ಷ ಬಾಯಿಪಾಠ ಮಾಡಿದ್ದೆಲ್ಲ ಹೋಯಿತು ಅಂತ ನಮ್ಮ ಆಡಿಟರ್ ಮುಂಚೆಯೇ ಕೊರಗುತ್ತಿದ್ದರು.

2026ರ ಬಜೆಟ್ ಬಂದಿದ್ದು ಫೆಬ್ರವರಿ 1, ಭಾನುವಾರ. ನಾನು ಕಾದಿದ್ದು ಎರಡೇ ವಿಷಯಕ್ಕೆ: ಪಾಲುದಾರಿಕೆ ಫರ್ಮಿನ 30 ಇಳಿಯುತ್ತದಾ, ಪಾಲುದಾರರ ಟಿಡಿಎಸ್ ಮಿತಿ ಏರುತ್ತದಾ. ಎರಡೂ ಭಾಷಣದಲ್ಲಿ ಬರುವಂಥವಲ್ಲ, ಸಂಜೆ ಹಣಕಾಸು ಮಸೂದೆ ತೆಗೆದು ಹುಡುಕಬೇಕಿತ್ತು. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಹೇಗಿದ್ದರೂ ನಮಗೆ ಟಿವಿ ನೋಡುವ ಪುರುಸೊತ್ತಿರಲಿಲ್ಲ. ಆಗಲೇ ಆರು ಕೇಕಿಗೆ ಅಡ್ವಾನ್ಸ್ ಬಂದಿತ್ತು.